ಮೂರೂವರೆಯಿಂದ ನಾಲ್ಕು: ಲೊವೆಲ್

“ಲೊವೆಲ್‌ಗೆ ಅರ್ಧ ಗಂಟೆ ಸಾಕು,” ಎಂದ ಡೆನ್ನಿ, ಪೆನ್ಸಿಲಿನ ತುದಿಯನ್ನು ನಾಲಿಗೆಗೆ ತಾಗಿಸುತ್ತ. “ಮೂರೂವರೆಯಿಂದ ನಾಲ್ಕು. ಗುಹೆ ನೋಡ್ಕೊಂಡು ಬರ್ತಾ ದಾರೀಲೇ ಸಿಗತ್ತೆ. ನಾಲ್ಕೂಕಾಲಿಗೆ ತೂಗುಸೇತುವೆ, ಐದೂವರೆಗೆ ಊಟ.”

ಸಿಂಕಿನ ಹತ್ತಿರ ನಿಂತು ಜೋಳದ ತೆನೆಗಳ ಸಿಪ್ಪೆ ಸುಲಿಯುತ್ತಿದ್ದ ಆರ್ಲಿಸ್‌ಳ ಕೈ ಅಲ್ಲೇ ನಿಂತಿತು. ತಿರುಗಿ ನೋಡಿದಳು. ಅವಳದೇ ಅಡುಗೆಮನೆಯ ಮೇಜು. ಅವಳ ಗಂಡ ವರ್ಲಿನ್ ಗೋಣು ಹಾಕುತ್ತಿದ್ದ. ಪಕ್ಕದ ಮನೆಯ ಡೆನ್ನಿ ಗೆರೆ ಎಳೆದ ಹಾಳೆಯ ಮೇಲೆ ಬರೆಯುತ್ತಿದ್ದ. ಅವನ ಹೆಂಡತಿ ಜೋಲೀನ್ ಫೋನಿನಲ್ಲಿ ಯಾವ ಹೋಟೆಲಿನ ಪಕ್ಕೆಲುಬಿನ ಮಾಂಸಕ್ಕೆ ಎಷ್ಟು ನಕ್ಷತ್ರ ಬಿದ್ದಿವೆ ಎಂದು ಎಣಿಸುತ್ತಿದ್ದಳು. ಆಗಸ್ಟ್ ತಿಂಗಳ ಭಾನುವಾರ, ಚರ್ಚು ಮುಗಿಸಿ ಬಂದ ಬಟ್ಟೆಯಲ್ಲೇ ಇದ್ದರು ಎಲ್ಲರೂ. ಒಂದು ಗಂಟೆಯ ಹಿಂದೆ ಇದೇ ಬಾಯಿಗಳು ಲೊವೆಲ್‌ನ ಹೆಸರು ಹೇಳಿ ಪ್ರಾರ್ಥನೆ ಮಾಡಿ ಬಂದಿದ್ದವು.

ಪ್ರತಿ ಅಕ್ಟೋಬರಿನಲ್ಲೂ ತಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಬೇರೆ ಊರಿಗೆ ಆಡಲು ಹೋದಾಗ ಇವರೂ ಹಿಂದೆ ಹೋಗುತ್ತಿದ್ದರು. ಶನಿವಾರ ಆಟ, ಅದರ ಹಿಂದೆ ಮುಂದೆ ಊರು ನೋಡುವುದು. ಇಪ್ಪತ್ತಮೂರು ವರ್ಷ ಆ ಪ್ರವಾಸಕ್ಕೆ ಪಟ್ಟಿ ಬರೆದವನು ಲೊವೆಲ್. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದ ಮನುಷ್ಯ. ಪುಟ್ಟ ರಟ್ಟಿನ ಚೀಟಿಗಳ ಮೇಲೆ, ಹಸಿರು ಶಾಯಿಯಲ್ಲಿ, ಎಲ್ಲಿ ಎಷ್ಟು ಹೊತ್ತಿಗೆ, ಯಾವ ರಸ್ತೆ, ಯಾವ ಹೋಟೆಲಿನಲ್ಲಿ ಪೀಚ್ ಹಣ್ಣಿನ ಪೈ ಚೆನ್ನಾಗಿರುತ್ತದೆ ಎಂದು ಬರೆಯುತ್ತಿದ್ದ. ಪ್ರತಿ ಚೀಟಿಯಲ್ಲೂ ಒಂದು ಗಂಟೆಯ ಎದುರು ಏನೂ ಬರೆಯದೆ ಖಾಲಿ ಬಿಡುತ್ತಿದ್ದ. ಇದೇನು ಎಂದು ಕೇಳಿದರೆ, “ಕಾಲು ಎಲ್ಲಿಗೆ ಕರ್ಕೊಂಡು ಹೋಗತ್ತೋ ಅಲ್ಲಿಗೆ,” ಎನ್ನುತ್ತಿದ್ದ. ಡೆನ್ನಿಯ ಹಾಳೆಯಲ್ಲಿ ಇರುವೆ ನುಸುಳುವಷ್ಟೂ ಜಾಗವಿರಲಿಲ್ಲ.

ಮೇ ತಿಂಗಳಲ್ಲಿ ಲೊವೆಲ್‌ನ ಮೇದೋಜೀರಕ ಗ್ರಂಥಿಯಲ್ಲಿ ಕ್ಯಾನ್ಸರ್ ಇದೆ ಎಂದು ಗೊತ್ತಾಯಿತು. ಜೂನಿನಲ್ಲಿ ಮಗ ಬಂದು ಕಾಲ್ಟನ್ನಿಗೆ ಕರೆದುಕೊಂಡು ಹೋಗಿ, ಕೊನೆಗಾಲದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಇರಿಸಿದ. ಕಾಲ್ಟನ್ ಎಂದರೆ ಕೆಂಪು ಅಂಗಿ ತೊಟ್ಟು ಆಡುವ ಎದುರಾಳಿ ಕಾಲೇಜಿನ ಊರು. ಈ ಸಲದ ಆಟವೂ ಅಲ್ಲೇ. “ನನ್ನ ಹಣೆಬರಹ ನೋಡು, ಸಾಯೋಕೆ ಈ ಕೆಂಪಂಗಿ ಊರೇ ಸಿಕ್ತು,” ಎಂದು ಲೊವೆಲ್ ಫೋನಿನಲ್ಲಿ ನಕ್ಕಿದ್ದ.

“ಅರ್ಧ ಗಂಟೆನಾ?” ಎಂದಳು ಆರ್ಲಿಸ್. “ಗುಹೆಗೆ ಎಷ್ಟು ಕೊಟ್ಟಿದೀಯ?”

“ಎರಡು ಗಂಟೆ. ಅದು ಗೈಡ್ ಕರ್ಕೊಂಡು ಹೋಗೋದು ಕಣೇ, ಮಧ್ಯ ಎದ್ದು ಬರೋಕಾಗಲ್ಲ.”

“ಲೊವೆಲ್‌ಗೂ ಸುಸ್ತಾಗತ್ತಲ್ವಾ,” ಎಂದಳು ಜೋಲೀನ್, ದನಿಯಲ್ಲಿ ಬೆಣ್ಣೆ ಸವರಿಕೊಂಡು. “ರೋಗಿಗಳ ಹತ್ರ ಜಾಸ್ತಿ ಹೊತ್ತು ಕೂರಬಾರ್ದು.”

ಆಗ ವರ್ಲಿನ್ ಕೆಮ್ಮಿದ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿಗೆ ಗಂಡನ ಕೆಮ್ಮುಗಳೆಲ್ಲ ಗೊತ್ತಿರುತ್ತವೆ. ಇದು ಏನನ್ನೋ ಅಡಗಿಸಿಟ್ಟುಕೊಂಡಿದ್ದ ಕೆಮ್ಮು. ಅವನು ಜೇಬಿನಿಂದ ಮಡಿಸಿದ ಕಾಗದವೊಂದನ್ನು ತೆಗೆದು ಮೇಜಿನ ಮೇಲಿಟ್ಟು, ಅಂಗೈಯಿಂದ ನೀವಿದ.

“ಇದನ್ನ ನೀನೇ ಕೊಡ್ಬೇಕು, ಆರ್ಲಿಸ್. ನಿನ್ನ ಕಂಡ್ರೆ ಅವನಿಗೆ ಇಷ್ಟ. ಅವನ ಹೆಂಡ್ತಿ ಬೆವ್ ತೀರಿಕೊಂಡ ವರ್ಷ ಚಳಿಗಾಲ ಪೂರ್ತಿ ಅವನಿಗೆ ಅಡುಗೆ ಮಾಡಿ ಕಳಿಸಿದವಳು ನೀನೇ ಅಲ್ವಾ.”

ಅದು ಕಾಲೇಜಿನ ಕ್ರೀಡಾಕಚೇರಿಯ ಅರ್ಜಿ, ಸೀಟು ವರ್ಗಾವಣೆಗೆ. ತಮ್ಮೂರ ಕ್ರೀಡಾಂಗಣದಲ್ಲಿ, ಐವತ್ತನೇ ಗಜದ ನಡುಗೆರೆಗೆ ನೇರವಾಗಿ, ಹದಿನಾಲ್ಕನೇ ಸಾಲಿನ ಆರು ಸೀಟುಗಳು ವರ್ಷವರ್ಷವೂ ಲೊವೆಲ್‌ನ ಹೆಸರಿಗೇ ಮೀಸಲಾಗಿದ್ದವು. ಅವನ ಜೊತೆ ಇವರೆಲ್ಲ ಅಲ್ಲಿ ಕುಳಿತು ಆಟ ನೋಡುತ್ತ ಮುದುಕರಾಗಿದ್ದರು. ಹೆಸರಿನವನು ಸತ್ತರೆ ಸೀಟುಗಳು ಕಾಲೇಜಿಗೆ ವಾಪಸು, ಅಲ್ಲಿಂದ ಸರದಿಯಲ್ಲಿ ಕಾದವರಿಗೆ. ಆ ಸರದಿ ಹದಿನೇಳು ವರ್ಷದ್ದು. ಬದುಕಿರುವಾಗಲೇ, ಸಾಕ್ಷಿಯ ಎದುರು ಸಹಿ ಹಾಕಿಕೊಟ್ಟರೆ ಮಾತ್ರ ಬೇರೆಯವರಿಗೆ ದಾಟಿಸಬಹುದು. ಮಗನಿಗೆ ಸೀಟು ಬೇಡ. ಅವನು ಕೆಂಪಂಗಿಯ ಹುಡುಗಿಯನ್ನು ಮದುವೆಯಾಗಿ ಕೆಟ್ಟಿದ್ದ.

ಆರ್ಲಿಸ್ ಅರ್ಜಿಯನ್ನು ಓದಿದಳು. ಯಾರಿಗೆ ಎಂಬ ಸಾಲು ಖಾಲಿ ಇತ್ತು.

“ಹೆಸರು ಯಾಕೆ ಬರ್ದಿಲ್ಲ?”

ಗಂಡಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. “ಅದು ಆಮೇಲೆ ನೋಡ್ಕೊಳೋಣ,” ಎಂದ ಡೆನ್ನಿ. “ಮೊದ್ಲು ಸಹಿ ಆಗ್ಲಿ.”

ಆರ್ಲಿಸ್ ಅರ್ಜಿಯನ್ನು ಮೇಜಿನ ನಡುವಿಗೆ ತಳ್ಳಿದಳು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಅದೂ ಬೆಂಕಿ ಆರುವುದರೊಳಗೆ ಎಷ್ಟು ಗಳ ಸಿಗುತ್ತದೆ ಎಂದು ಗಡಿಯಾರ ಹಿಡಿದು ಕುಳಿತವರು. “ಥೂ, ನಾಚಿಕೆ ಆಗಲ್ವಾ ನಿಮಗೆ?” ಎಂದಳು.

“ನಾಚಿಕೆ ಯಾಕೆ? ಯಾವನೋ ಗುರುತಿಲ್ಲದೋನು ಬೆವ್ ಕೂರ್ತಿದ್ದ ಜಾಗದಲ್ಲಿ ಕೂತ್ರೆ ಲೊವೆಲ್‌ಗೆ ಸಮಾಧಾನ ಆಗತ್ತಾ?” ಎಂದ ವರ್ಲಿನ್. ಒಳ್ಳೆಯ ಮಾತು. ಕೆಟ್ಟ ಕೆಲಸಕ್ಕೆ ಯಾವಾಗಲೂ ಒಂದು ಒಳ್ಳೆಯ ಮಾತು ಸಿಕ್ಕೇ ಸಿಗುತ್ತದೆ.

ಅವಳಿಗೆ ಹೇಸಿಗೆಯಾದದ್ದು ಅವರ ಮೇಲೆ ಮಾತ್ರವಲ್ಲ. ಆ ಸೀಟುಗಳು ಅವಳಿಗೂ ಬೇಕಿದ್ದವು. ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದವಳಿಗೆ, ವರ್ಷದ ಆರು ಶನಿವಾರ ಆ ಹದಿನಾಲ್ಕನೇ ಸಾಲಿನಲ್ಲಿ ಎದ್ದು ನಿಂತು ಗಂಟಲು ಹರಿಯುವ ಹಾಗೆ ಕಿರುಚುವುದೇ ಒಂದು ಬಿಡುಗಡೆ. ಅರ್ಜಿಯನ್ನು ಹರಿಯಬೇಕು ಎಂದುಕೊಂಡಳು. ಹರಿಯಲಿಲ್ಲ. ಸಂಜೆ ಅವರೆಲ್ಲ ಹೋದ ಮೇಲೆ ಅದನ್ನು ತನ್ನ ಕೈಚೀಲದೊಳಗೆ ಇಟ್ಟುಕೊಂಡಳು.

ಅಕ್ಟೋಬರಿನ ಆ ಶುಕ್ರವಾರ ಡೆನ್ನಿಯ ವ್ಯಾನಿನಲ್ಲಿ ಹೊರಟರು. ಎಲ್ಲರದೂ ತಮ್ಮ ಕಾಲೇಜಿನ ಹಳದಿ-ಹಸಿರು ಅಂಗಿ. ಡೆನ್ನಿಯ ತಲೆಯ ಮೇಲೆ ಜೋಳದ ತೆನೆಯಾಕಾರದ ಸ್ಪಂಜಿನ ಟೋಪಿ. ವ್ಯಾನಿನ ಹಾರ್ನ್ ಒತ್ತಿದರೆ ಕಾಲೇಜಿನ ಹಾಡಿನ ಮೊದಲ ಸಾಲು ಮೊಳಗುತ್ತಿತ್ತು. ಕೆಂಪು ಬಾವುಟದ ಕಾರು ಕಂಡಲ್ಲೆಲ್ಲ ಅವನು ಅದನ್ನು ಒತ್ತಿದ. ಗುಹೆಯಲ್ಲಿ ಗೈಡ್ ಒಂದು ಕಡೆ ಎಲ್ಲರನ್ನೂ ನಿಲ್ಲಿಸಿ, ಭೂಮಿಯೊಳಗಿನ ಕತ್ತಲೆ ಹೇಗಿರುತ್ತದೆ ನೋಡಿ ಎಂದು ದೀಪಗಳನ್ನು ಆರಿಸಿದಳು. ಕಣ್ಣೆದುರು ಹಿಡಿದ ಕೈ ಕಾಣದಂಥ ಕತ್ತಲೆ. ನೀರು ಎಲ್ಲೋ ತೊಟ್ಟಿಕ್ಕುತ್ತಿತ್ತು. ಆರ್ಲಿಸ್ ಲೊವೆಲ್‌ನನ್ನು ನೆನೆದಳು. ಪಕ್ಕದಲ್ಲೇ ಡೆನ್ನಿಯ ದನಿ ಕೇಳಿಸಿತು: “ಗಂಟೆ ಎಷ್ಟಾಯ್ತು?”

ಲೊವೆಲ್ ಇದ್ದ ಮನೆ ಚೊಕ್ಕಟವಾಗಿ, ತಣ್ಣಗೆ ಇತ್ತು. ಬಾಗಿಲಲ್ಲಿದ್ದ ನರ್ಸ್ ಮೊದಲು ಜೋಳದ ಟೋಪಿಯನ್ನು, ಆಮೇಲೆ ಜೋಲೀನ್ ಹಿಡಿದಿದ್ದ ಬಲೂನನ್ನು ನೋಡಿದಳು. ಬಲೂನಿನ ಮೇಲೆ ‘ಬೇಗ ಗುಣವಾಗು’ ಎಂದು ಬರೆದಿತ್ತು. ಯಾರೂ ಗುಣವಾಗದ ಆ ಮನೆಯ ಉದ್ದನೆಯ ಓಣಿಯಲ್ಲಿ ಅದು ಎಲ್ಲರ ತಲೆಯ ಮೇಲೆ ತೂಗಾಡುತ್ತ ಸಾಗಿತು. ಆರ್ಲಿಸ್‌ಳಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು.

ಲೊವೆಲ್ ಅರ್ಧಕ್ಕರ್ಧ ಆಗಿದ್ದ. ಮುಖದ ಬಣ್ಣ ಅವರ ಅಂಗಿಯ ಹಳದಿಯನ್ನೇ ಹೋಲುತ್ತಿತ್ತು. ಕಣ್ಣು ಮಾತ್ರ ಅವನದೇ.

“ಬನ್ರೋ,” ಎಂದ. “ಟೋಪಿ ಚೆನ್ನಾಗಿದೆ, ಡೆನ್ನಿ. ಒಳಗೂ ಸ್ಪಂಜು, ಹೊರಗೂ ಸ್ಪಂಜು.”

ಎಲ್ಲರೂ ಬೇಕಾದದ್ದಕ್ಕಿಂತ ಜೋರಾಗಿ ನಕ್ಕರು. ಒಂದು ಕುರ್ಚಿ ಇತ್ತು, ಯಾರೂ ಕೂರಲಿಲ್ಲ. ವರ್ಲಿನ್ ಗುಹೆಯ ವಿಷಯ ಹೇಳಿದ. ಜೋಲೀನ್ ಬಲೂನನ್ನು ಮಂಚದ ಕಂಬಿಗೆ ಕಟ್ಟಿದಳು. ಲೊವೆಲ್‌ನ ಕಣ್ಣು ಡೆನ್ನಿಯ ಜೇಬಿನಿಂದ ಇಣುಕುತ್ತಿದ್ದ ಹಾಳೆಯ ಮೇಲೆ ಬಿತ್ತು.

“ಪಟ್ಟಿನಾ ಅದು? ಕೊಡು ಇಲ್ಲಿ.”

“ಅಯ್ಯೋ, ಅದೇನಿಲ್ಲ ಬಿಡು, ಸುಮ್ನೆ…”

“ಕೊಡೋ.”

ಡೆನ್ನಿ ಕೊಟ್ಟ. ಲೊವೆಲ್ ಕನ್ನಡಕ ಏರಿಸಿ, ಹಾಳೆಯನ್ನು ಎದೆಯ ಮೇಲಿಟ್ಟುಕೊಂಡು, ಹಳೆಯ ಮೇಷ್ಟರು ಉತ್ತರ ಪತ್ರಿಕೆ ತಿದ್ದುವಂತೆ ಬೆರಳಿಟ್ಟು ಓದುತ್ತ ಬಂದ. ಬೆರಳು ಮೂರೂವರೆಯ ಹತ್ತಿರ ನಿಂತಿತು. ‘3:30–4:00: ಲೊವೆಲ್’. ಅದರ ಮೇಲೆ ‘ಗುಹೆ, ಅಂಗಡಿಯಲ್ಲಿ ಮಿಠಾಯಿ’. ಅದರ ಕೆಳಗೆ ‘ಸೇತುವೆ, ಫೋಟೋ’. ಆರ್ಲಿಸ್‌ಳ ಕಿವಿ ಬಿಸಿಯಾಯಿತು.

“ಪೆನ್ನು,” ಎಂದ ಲೊವೆಲ್.

ಜೋಲೀನ್ ಕೊಟ್ಟಳು. ಅವನು 4:00 ಎಂಬುದನ್ನು ಹೊಡೆದು 3:50 ಎಂದು ಬರೆದ. “ಸೇತುವೆ ರಸ್ತೆ ಅಗೆದು ಹಾಕಿದಾರೆ ಕಣೋ. ಮಗ ಹೇಳ್ತಿದ್ದ. ಸುತ್ತಿ ಹೋಗ್ಬೇಕು. ಹತ್ತು ನಿಮಿಷ ಜಾಸ್ತಿ ಬೇಕು ನಿಮಗೆ. ಇಲ್ಲಿಂದ ತಗೊಳ್ಳಿ.”

ಯಾರಾದರೂ ಬೇಡ ಎನ್ನುತ್ತಾರೇನೋ ಎಂದು ಆರ್ಲಿಸ್ ಕಾದಳು. “ಹೌದಾ? ಒಳ್ಳೇದಾಯ್ತು ಹೇಳಿದ್ದು,” ಎಂದ ಡೆನ್ನಿ. ಆಮೇಲೆ ಗಂಟಲು ಸರಿಮಾಡಿಕೊಂಡು ಆರ್ಲಿಸ್‌ಳ ಕೈಚೀಲವನ್ನು ನೋಡಿದ. ವರ್ಲಿನ್ ಕೂಡ ನೋಡಿದ. ಅವಳು ಚೀಲವನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡಳು.

“ಕೊಡೇ ಆರ್ಲಿಸ್,” ಎಂದ ಲೊವೆಲ್ ಮೆಲ್ಲಗೆ. “ಆಗ್ಲಿಂದ ಕಳ್ಳರ ಮಧ್ಯೆ ನಿಂತೋಳ ಥರ ಹಿಡ್ಕೊಂಡಿದೀಯ. ಸೀಟಿನ ಕಾಗದ ತಾನೇ?”

“ನಂಗೆ ತರೋಕೆ ಇಷ್ಟ ಇರ್ಲಿಲ್ಲ,” ಎಂದಳು. “ಆದ್ರೂ ತಂದೆ.”

“ಗೊತ್ತು. ನಾನೂ ತಂದಿದ್ದೆ. ಆ ಸೀಟು ನಂಗೆ ಹೇಗೆ ಬಂತು ಅಂದ್ಕೊಂಡಿದೀರಿ? ಹಾರ್ವಿ ಸ್ಟ್ರೋ ಅಂತ ಒಬ್ಬನಿದ್ದ, ಅವನವು. ಅವನು ಸಾಯೋ ಹೊತ್ತಲ್ಲಿ ಮಂಚದ ಪಕ್ಕ ನಾನು, ಬೆವ್. ಬೆವ್ ಕೈಯಲ್ಲಿ ಬಾಳೆಹಣ್ಣಿನ ಕೇಕು. ಅವನು ನುಂಗೋದು ನಿಲ್ಲಿಸಿ ಒಂದು ವಾರ ಆಗಿತ್ತು.” ಅವನು ಕೈಯಲ್ಲಿದ್ದ ಪೆನ್ನನ್ನು ಎತ್ತಿ ತೋರಿಸಿದ. “ನಲವತ್ತು ನಿಮಿಷ ಕೂತಿದ್ವಿ. ಅದ್ರಲ್ಲಿ ಹತ್ತು ನಿಮಿಷ ಪೆನ್ನು ಹುಡುಕೋದ್ರಲ್ಲೇ ಹೋಯ್ತು.”

ಆರ್ಲಿಸ್ ಅರ್ಜಿಯನ್ನು ಕೊಟ್ಟಳು. ನರ್ಸನ್ನು ಸಾಕ್ಷಿಗೆ ಕರೆದರು. ಲೊವೆಲ್ ಸಹಿ ಹಾಕಿ, ಪೆನ್ನು ಹಿಂದಕ್ಕೆ ಕೊಡದೆ, ಮೇಲಿನ ಖಾಲಿ ಸಾಲನ್ನು ನೋಡಿದ. ಡೆನ್ನಿ ಒಂದು ಹೆಜ್ಜೆ ಮುಂದೆ ಬಂದ. ವರ್ಲಿನ್ ಕೂಡ. ಲೊವೆಲ್ ಅಲ್ಲಿ ಒಂದೊಂದೇ ಅಕ್ಷರ ಗೀಚಿ, ಕಾಗದವನ್ನು ಆರ್ಲಿಸ್‌ಳಿಗೆ ಕೊಟ್ಟ. ಆರ್ಲಿಸ್ ಎಂದು ಬರೆದಿತ್ತು. ಆರು ಸೀಟೂ ಅವಳಿಗೇ.

“ಹೊರಡಿ,” ಎಂದು ಕಣ್ಣು ಮುಚ್ಚಿದ. “ಮೂರು ಐವತ್ತಾಯ್ತು.”

ಹೊರಗೆ ಬಿಸಿಲಿತ್ತು. ಡೆನ್ನಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಿದ್ದ. ಬೆಳಗ್ಗಿನಿಂದ ಮುಂದಿನ ಸೀಟಿನಲ್ಲಿ ರಾಣಿಯ ಹಾಗೆ ಕಾಲು ಚಾಚಿ ಕುಳಿತಿದ್ದ ಜೋಲೀನ್ ಇದ್ದಕ್ಕಿದ್ದಂತೆ ಆ ಬಾಗಿಲನ್ನು ಆರ್ಲಿಸ್‌ಳಿಗಾಗಿ ತೆರೆದು ಹಿಡಿದಳು.

“ನೀನು ಮುಂದೆ ಕೂತ್ಕೊ, ಚಿನ್ನಾ. ಹಿಂದೆ ಕುಲುಕಾಟ ಜಾಸ್ತಿ.”

“ಮುಖ ಯಾಕೋ ಬಾಡಿದೆ ನಿಂದು,” ಎಂದ ಡೆನ್ನಿ. ಹದಿನೆಂಟು ವರ್ಷದಿಂದ ನೆರೆಮನೆಯಲ್ಲಿದ್ದವನು ಅವಳ ಮುಖವನ್ನು ಹೀಗೆ ನೋಡಿದ್ದು ಇದೇ ಮೊದಲು. “ಬಿಪಿ ಮಾತ್ರೆ ತಗೊಂಡ್ಯಾ ಇವತ್ತು? ಡಾಕ್ಟರ್ ಏನಂತಾರೆ, ಎಲ್ಲಾ ಸರಿಯಿದೆ ತಾನೆ?”

ಆರ್ಲಿಸ್ ಬಾಗಿಲ ಮೇಲೆ ಕೈಯಿಟ್ಟವಳು ಅಲ್ಲೇ ನಿಂತಳು. ಕೇಳುತ್ತಿದ್ದ ಡೆನ್ನಿಯನ್ನು ನೋಡಿದಳು. ಉತ್ತರಕ್ಕಾಗಿ ತಲೆ ಓರೆ ಮಾಡಿ ಕಾಯುತ್ತಿದ್ದ ಜೋಲೀನ್‌ಳನ್ನು ನೋಡಿದಳು. ಆರು ಸೀಟಿನ ಕಾಗದ ಈಗ ಅವಳ ಹೆಸರಿನಲ್ಲಿ, ಅವಳ ಚೀಲದಲ್ಲಿತ್ತು.

“ಸೇತುವೆಗೆ ನೀವು ಹೋಗಿ,” ಎಂದಳು.

“ಮತ್ತೆ ನೀನು?” ಎಂದ ವರ್ಲಿನ್. “ಊಟಕ್ಕೆ ನಾಲ್ಕು ಜನ ಅಂತ ಹೇಳಿದೀವಿ.”

“ಮೂರು ಅನ್ನಿ.”

ಅವಳು ತಿರುಗಿ ಓಣಿಯಲ್ಲಿ ನಡೆದು ಬಂದಾಗ ಲೊವೆಲ್ ಕಣ್ಣು ಬಿಟ್ಟುಕೊಂಡು ಬಲೂನನ್ನೇ ನೋಡುತ್ತಿದ್ದ.

“ಏನು ಮರ್ತೆ?”

“ನಿನ್ನ ಚೀಟಿಯ ಖಾಲಿ ಗಂಟೆ. ಡೆನ್ನಿ ಅದನ್ನ ಬಿಟ್ಟೇ ಇರ್ಲಿಲ್ಲ.”

ಅವಳು ಬಲೂನಿನ ದಾರ ಬಿಚ್ಚಿ, ಅದನ್ನು ಬಚ್ಚಲುಮನೆಗೆ ತಳ್ಳಿ ಬಾಗಿಲು ಹಾಕಿದಳು. ಆ ಒಂದೇ ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡು ಕುಳಿತಳು. ಕೈಚೀಲವನ್ನು ನೆಲದ ಮೇಲಿಟ್ಟಳು. ಹೊರಗಿನಿಂದ ವ್ಯಾನಿನ ಹಾರ್ನ್ ಕೇಳಿಸಿತು, ಕಾಲೇಜಿನ ಹಾಡಿನ ಮೊದಲ ಸಾಲು. ಸ್ವಲ್ಪ ತಡೆದು ಮತ್ತೊಮ್ಮೆ ಕೇಳಿಸಿತು.

ಆರ್ಲಿಸ್ ಬಗ್ಗಿ ಶೂಗಳ ದಾರ ಬಿಚ್ಚತೊಡಗಿದಳು. ಹೊದಿಕೆಯ ಮೇಲೆ ಲೊವೆಲ್‌ನ ಒಂದು ಬೆರಳು ಹಾರ್ನಿಗೆ ತಾಳ ಹಾಕುತ್ತಿತ್ತು.