ದಿವಂಗತ ಬೋರಕ್ಕ

ಬೋರಕ್ಕ ಸತ್ತಳೆಂದು ಟೈಪ್ ಮಾಡಿದವನು ನಾನೇ. ಚಿತ್ರದುರ್ಗದ ಹೊರಗಿನ ನಮ್ಮ ವಿಶ್ವವಿದ್ಯಾಲಯವನ್ನು ವಿಶ್ವದರ್ಜೆಗೆ ಏರಿಸುತ್ತೇವೆಂದು ಸರ್ಕಾರ ಘೋಷಿಸಿದ ವರ್ಷ ಅದು. ನಾನು ಜಾನಪದ ವಿಭಾಗದ ಗುಮಾಸ್ತ. ದರ್ಜೆ ಏರಬೇಕಾದರೆ ಹೊರದೇಶದ ಪತ್ರಿಕೆಗಳಲ್ಲಿ ಲೇಖನ ಬರಬೇಕಿತ್ತು. ನಮ್ಮ ಮುಖ್ಯಸ್ಥ ಏಕಾಂತಪ್ಪನವರಿಗೋ ಸಹಿ ಹಾಕುವುದು ಬಿಟ್ಟು ಬೇರೇನೂ ಬರೆದು ಅಭ್ಯಾಸವಿಲ್ಲ.

ಬರೆದವಳು ರಮ್ಯಾ, ಒಂಬತ್ತು ವರ್ಷದಿಂದ ಅತಿಥಿ ಉಪನ್ಯಾಸಕಿ. ತನ್ನ ಅಜ್ಜಿ ಬೋರಕ್ಕ ಹಾಡುವ, ದೇವರ ಹೆಸರಲ್ಲಿ ಬಿಟ್ಟ ದೇವರೆತ್ತುಗಳ ಪದಗಳ ಮೇಲೆ ಬರೆದಳು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿಕೊಂಡಂತೆ ಮೇಲೆ ಹೆಸರು ಮಾತ್ರ ಏಕಾಂತಪ್ಪನವರದು. "ದರ್ಜೆ ಬರ್ಲಿ, ನಿನ್ನ ಕಾಯಂ ಮಾಡಿಸ್ತೀನಿ" ಎಂದಿದ್ದರು. ಆ ಒಂದು ಮಾತಿಗಾಗಿ ಅವಳು ಏನನ್ನೂ ಮಾಡಲು ತಯಾರಿದ್ದಳು.

ಪತ್ರಿಕೆಯವರು ಹಾಡುಗಾರ್ತಿಯ ಒಪ್ಪಿಗೆ ಪತ್ರ ಕೇಳಿದರು. ಹನ್ನೊಂದು ಪುಟ, ಇಂಗ್ಲಿಷು. ನಾನೇ ಇಂಕ್ ಪ್ಯಾಡ್ ಹಿಡಿದು ಬೋರಕ್ಕನ ಹಟ್ಟಿಗೆ ಹೋದೆ.

"ಹಿಂದೊಂದ್ಸಲ ಹೆಬ್ಬೆಟ್ಟು ಒತ್ತಿದ್ದಕ್ಕೆ ದನ ಮೇಯೋ ಕಾವಲು ಹೋಗಿ ನಿಮ್ ಬಿಲ್ಡಿಂಗ್ ಬಂತು," ಎಂದಳು ಬೋರಕ್ಕ. "ಪದ ಎಷ್ಟ್ ಬೇಕಾದ್ರೂ ಹೇಳ್ತೀನಿ. ಹೆಬ್ಬೆಟ್ಟು ಕೇಳಬ್ಯಾಡ್ರಿ."

ಸತ್ತವರ ಒಪ್ಪಿಗೆ ಬೇಕಿಲ್ಲವೆಂಬ ನಿಯಮ ಹುಡುಕಿದವನೂ ನಾನೇ, ಸುಡುಗಾಡು ಬುದ್ಧಿವಂತ. "ಹಂಗಾದ್ರೆ ದಿವಂಗತ ಅಂತ ಹಾಕ್ರಿ" ಎಂದರು ಏಕಾಂತಪ್ಪ. ಹಾಕಿದೆ. ರಮ್ಯಾ ಕರಡು ತಿದ್ದಿ ಕೊಟ್ಟಳು.

ದೆಹಲಿಯಿಂದ ಪರಿಶೀಲನಾ ತಂಡ ಬಂತು. ಸಭಾಂಗಣದಲ್ಲಿ ಬೋರಕ್ಕನ ದೊಡ್ಡ ಫೋಟೊ, ಅದಕ್ಕೆ ಸೇವಂತಿಗೆ ಹಾರ, ಮುಂದೆ ದೀಪ. "ಅಜ್ಜಿ ತೀರಿಕೊಂಡ ಮೇಲೆ ಈ ಪದಗಳೂ ಅವರೊಂದಿಗೇ ಹೋದವು" ಎಂದು ರಮ್ಯಾ ಹೇಳುತ್ತಿದ್ದಾಗ ಬಾಗಿಲಲ್ಲಿ ಬೋರಕ್ಕ ನಿಂತಿದ್ದಳು. ಮೊಮ್ಮಗಳ ಕೆಲಸ ಇವತ್ತು ಕಾಯಂ ಆಗುತ್ತದೆಂದು ಯಾರೋ ಹೇಳಿದ್ದರಂತೆ. ಹೊಸ ಸೀರೆ ಉಟ್ಟು ಬಂದಿದ್ದಳು.

ತಂಡದ ಹಿರಿಯರೊಬ್ಬರು ಅರೆಬರೆ ಕನ್ನಡದಲ್ಲಿ ಕೇಳಿದರು: "ನೀವು ಯಾರು?"

ಬೋರಕ್ಕ ಹಾರ ನೋಡಿದಳು, ದೀಪ ನೋಡಿದಳು. ಆಮೇಲೆ ರಮ್ಯಾಳ ಬಿಳಿಚಿದ ಮುಖ ನೋಡಿದಳು.

"ನಾನಾ? ಕಸ ಗುಡಿಸೋಳು ಸ್ವಾಮಿ."

ಏಕಾಂತಪ್ಪನವರು ಅಷ್ಟು ಚುರುಕಾಗಿ ಓಡಿದ್ದನ್ನು ನಾನು ಮೊದಲ ಸಲ ಕಂಡದ್ದು. ಪೊರಕೆ ತಂದು ಅವಳ ಕೈಗೆ ಕೊಟ್ಟರು. ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಅವಳು ಗುಡಿಸತೊಡಗಿದಳು. ಆ ಹಿರಿಯರು ರಮ್ಯಾಳ ಕಡೆ ತಿರುಗಿ, "ಈ ಹಾಡು ಬರುವವರು ಈಗ ಯಾರೂ ಇಲ್ಲವೇ?" ಎಂದರು.

"ಯಾರೂ ಇಲ್ಲ ಸರ್."

ದರ್ಜೆ ಬಂತು. ವಿಶ್ವದರ್ಜೆಗೆ ಅತಿಥಿ ಉಪನ್ಯಾಸಕರು ಸಾಲರು ನೋಡಿ, ರಮ್ಯಾಳ ಜಾಗಕ್ಕೆ ಹೊರದೇಶದಲ್ಲಿ ಓದಿದ ಪಲ್ಲವಿ ಎಂಬಾಕೆ ಬಂದರು. ಕೇಳಲು ಹೋದ ರಮ್ಯಾಳಿಗೆ ಏಕಾಂತಪ್ಪನವರು ನನ್ನೆದುರೇ, "ನಿನ್ನ ಹೆಸರಲ್ಲಿ ಒಂದ್ ಲೇಖನಾನೂ ಇಲ್ವಲ್ಲಮ್ಮ" ಎಂದರು. ನಾನು ಟೈಪ್ ಮಾಡುತ್ತಲೇ ಇದ್ದೆ, ನನಗೂ ಕೆಲಸ ಬೇಕು. ಅವಳೀಗ ಹಿರಿಯೂರಿನ ಕಾನ್ವೆಂಟಿನಲ್ಲಿ ಚಿಕ್ಕ ಮಕ್ಕಳಿಗೆ ಅಆಇಈ ತಿದ್ದಿಸುತ್ತಾಳೆ.

ಉಳಿದದ್ದು ಬೋರಕ್ಕನ ಕೆಲಸ. ಸ್ಥಳೀಯ ವೃದ್ಧೆಗೂ ಉದ್ಯೋಗ ಕೊಟ್ಟಿದ್ದಾರೆಂದು ತಂಡ ವರದಿಯಲ್ಲಿ ಮೆಚ್ಚಿತ್ತು. ದಿನಾ ಬಂದು ಗುಡಿಸುತ್ತಾಳೆ. ಕಸ ಗುಡಿಸುವವರ ಮುಖವನ್ನು ಯಾರೂ ಫೋಟೊಗೆ ಹೋಲಿಸಿ ನೋಡುವುದಿಲ್ಲ.

ಮೊನ್ನೆ ಪಲ್ಲವಿ ಮೇಡಂ ಫೋಟೊದ ಮುಂದೆ ನಿಂತು, "ಅಜ್ಜಿ, ಇವರನ್ನ ನೀವು ನೋಡಿದ್ದೀರಾ?" ಎಂದು ಕೇಳಿದರು.

ಬೋರಕ್ಕ ತಲೆ ಎತ್ತಲಿಲ್ಲ.

"ಯಾರೋ ಮುದುಕಿ ಕಣವ್ವ. ಚೆಂದಾಗಿ ಹಾಡ್ತಿದ್ಲಂತೆ."