ತಿದ್ದಮ್ಮನ ಕೈ

ಒಂದಾನೊಂದು ಊರಿನಲ್ಲಿ ಒಬ್ಬಳು ತಿದ್ದಮ್ಮ ಇದ್ದಳು.

(ಹೀಗೆ ಶುರುಮಾಡಲೇ? ಅಜ್ಜಿ ಹೀಗೇ ಶುರುಮಾಡುತ್ತಿದ್ದಳು. ಆದರೆ ಅಜ್ಜಿಯ ಕಥೆಗಳಲ್ಲಿ, ಮುಟ್ಟಬೇಡ ಎಂದದ್ದನ್ನು ಯಾರಾದರೂ ಮುಟ್ಟಲೇಬೇಕು. ಇಲ್ಲದಿದ್ದರೆ ಕಥೆಯೇ ಇಲ್ಲ. ನನ್ನ ಕಥೆಯವಳು ಮುಟ್ಟಬಾರದು. ಕಷ್ಟಕ್ಕೆ ಬಂತು.)

ಮತ್ತೆ ಶುರು.

೧. ಅವಳು ಚಿತ್ರಕಲಾ ಶಿಕ್ಷಕಿಯಾಗುವ ತರಬೇತಿಯಲ್ಲಿದ್ದಾಳೆ. ಪಾಠಯೋಜನೆಯಲ್ಲಿ ‘ಪ್ರೇರಣೆ’ ಎಂಬ ಅಂಕಣವನ್ನು ಕವಿತೆಯ ಹಾಗೆ ತುಂಬುತ್ತಾಳೆ. ಆದರೆ ಮಗುವಿನ ಗೆರೆ ಸೊಟ್ಟಗಾದರೆ ಸಾಕು, ಪೆನ್ಸಿಲ್ ಕಸಿದು ತಾನೇ ತಿದ್ದಿಬಿಡುತ್ತಾಳೆ. ಅದಕ್ಕೇ ಗೆಳತಿಯರು ಇಟ್ಟ ಹೆಸರು ತಿದ್ದಮ್ಮ. ಅದಕ್ಕೇ ಪಾಠ ಮಾಡಿ ತೋರಿಸುವ ಪರೀಕ್ಷೆಯಲ್ಲಿ ಎರಡು ಸಲ ಫೇಲ್. ಇದು ಕೊನೆಯ ಅವಕಾಶ.

೨. “ಮಗುವಿನ ಹಾಳೆಗೆ ಕೈ ಹಾಕಿದ್ರೆ ಅಲ್ಲಿಗೇ ಪಾಠ ಮುಗೀತು,” ಎಂದರು ತರಬೇತಿಯ ಮೇಡಂ.

“ಹಾಕಲ್ಲ ಮೇಡಂ.”

“ಹೋದ ಸಲಾನೂ ಹೀಗೇ ಅಂದಿದ್ದೆ.”

“ನಾನು ಅಂದಿದ್ದೆ. ಕೈ ಅಂದಿರಲಿಲ್ಲ.”

೩. (ಅವಳ ಮೇಲಿನ ಅಕ್ಕರೆಗೆ, ಕಥೆಯ ಈ ಜಾಗದಲ್ಲಿ ನಾನೇ ಅವಳ ಬಲಗೈಗೆ ಬ್ಯಾಂಡೇಜು ಸುತ್ತಿದೆ. ಬಿಚ್ಚಿ ನನ್ನ ಮುಖಕ್ಕೇ ಎಸೆದಳು.

“ಅಲ್ಲ ಕಣೇ ಕಥೆಗಾರ್ತಿ, ಕೈಯೇ ಇಲ್ದೆ ಪಾಸಾದ್ರೆ ಅದೂ ಒಂದು ಪಾಸಾ?”

“ಹಾಗಾದ್ರೆ ಪರೀಕ್ಷಕರಿಗೆ ಜ್ವರ ಬರಿಸ್ಲಾ?”

“ಯಾರಿಗೂ ಏನೂ ಬರಿಸ್ಬೇಡ. ನನ್ ಪಾಠ ನಾನ್ ಮಾಡ್ತೀನಿ.”

ಆ ಕರಡು ಹರಿದೆ. ನಮ್ಮಿಬ್ಬರಲ್ಲಿ ತಿದ್ದಮ್ಮ ಯಾರು ಎಂಬುದೇ ಈಗ ಅನುಮಾನ.)

೪. ತರಗತಿ. ಮೇಜಿನ ಮೇಲೊಂದು ಕುರ್ಚಿ. ಮಕ್ಕಳು ಅದನ್ನು ನೋಡಿ ಚಿತ್ರ ಬರೆಯಬೇಕು. ಹಿಂದಿನ ಬೆಂಚಿನಲ್ಲಿ ಪರೀಕ್ಷಕರು. ಮುಂದೆ ಕುಳಿತ ಹುಡುಗಿಯ ಹಾಳೆಯಲ್ಲಿ ಕುರ್ಚಿ ಕುಡಿದವನಂತೆ ವಾಲಿದೆ. ಹುಡುಗಿ ತಿದ್ದಮ್ಮನತ್ತ ಪೆನ್ಸಿಲ್ ಚಾಚಿದಳು.

“ಮಿಸ್, ನೀವೇ ಬರ್ಕೊಡಿ.”

“ನೀನೇ ಬರಿ ಪುಟ್ಟಾ.”

“ಹೋದ ಸಲ ಬರ್ಕೊಟ್ರಲ್ಲ.”

ಪರೀಕ್ಷಕರು ತಲೆಯೆತ್ತಿದರು.

(ಓದುಗರೇ, ನನ್ನ ಬಳಿ ಎರಡು ಅಂತ್ಯಗಳಿವೆ. ಒಂದರಲ್ಲಿ ತಿದ್ದಮ್ಮ ಪೆನ್ಸಿಲ್ ತೆಗೆದುಕೊಳ್ಳುತ್ತಾಳೆ. ಇನ್ನೊಂದರಲ್ಲಿ ಪರೀಕ್ಷಕರಿಗೆ ಸರಿಯಾಗಿ ಆಗಲೇ ಫೋನ್ ಬರುತ್ತದೆ. ಎರಡನ್ನೂ ಅವಳಿಗೆ ತೋರಿಸಿದೆ. ಅವಳು ತಿರುಗಿಯೂ ನೋಡಲಿಲ್ಲ.)

ತಿದ್ದಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತನ್ನ ಕಣ್ಣು ಮಗುವಿನ ಕಣ್ಣಿನ ಮಟ್ಟಕ್ಕೆ ಬರುವಷ್ಟು ಬಗ್ಗಿ, ಅಲ್ಲೇ ಮಂಡಿಯೂರಿದಳು.

“ಹೌದು, ಬರ್ಕೊಟ್ಟೆ. ಅದು ನನ್ ಕುರ್ಚಿ ಆಗೋಯ್ತು. ನಿನ್ ಕುರ್ಚಿ ಎಲ್ಲಿ? ಈಗ ಹೇಳು, ಇಲ್ಲಿಂದ ಎಷ್ಟು ಕಾಲು ಕಾಣ್ತಿದೆ?”

“ಮೂರು.”

“ನೀನು ಬರ್ದಿರೋದು?”

“ನಾಲ್ಕು... ಕುರ್ಚಿಗೆ ನಾಲ್ಕೇ ಅಲ್ವಾ ಮಿಸ್?”

“ಕುರ್ಚಿಗೆ ನಾಲ್ಕು. ನಿನ್ ಕಣ್ಣಿಗೆ?”

ಹುಡುಗಿ ಕುರ್ಚಿ ನೋಡಿದಳು, ಹಾಳೆ ನೋಡಿದಳು, ಮತ್ತೆ ಕುರ್ಚಿ ನೋಡಿದಳು. ಒಂದು ಕಾಲು ಅಳಿಸಿದಳು.

೫. ಅಂಕ ಎಷ್ಟು ಬಂತೆಂದು ಕೇಳಬೇಡಿ. ಪರೀಕ್ಷಕರು ಬರೆಯುತ್ತಿದ್ದಾರೆ, ಅದು ಅವರ ಹಾಳೆ. ಮೂರು ಕಾಲಿನ ಕುರ್ಚಿ ಇನ್ನೂ ಸ್ವಲ್ಪ ವಾಲಿಯೇ ಇದೆ. ನೆಟ್ಟಗೆ ಮಾಡಲು ನನಗೆ ಒಂದು ಸಾಲು ಸಾಕು, ಬರೆಯುವುದಿಲ್ಲ.

ಗಂಟೆ ಹೊಡೆಯಿತು. ತಿದ್ದಮ್ಮನ ಕೈ ಬೆನ್ನ ಹಿಂದೆಯೇ ಇತ್ತು.