ಒಂದು ಮೂಟೆ ಬಾರ್ಲಿಯ ಕಾನೂನು

ನಿಕಾರೆತೆಯ ಮೈದುನ ಕ್ತೇಸೋನ ಬಾಯಿ ತೆರೆದರೆ ಬರೀ ಕಾನೂನು. ಅಣ್ಣ, ಅಂದರೆ ನಿಕಾರೆತೆಯ ಗಂಡ, ತೀರಿಕೊಂಡಿದ್ದ, ಅಣ್ಣನ ಮಗ ಇನ್ನೂ ಅಂಬೆಗಾಲಿಡುತ್ತಿದ್ದ. ಹಾಗಾಗಿ ಅವರ ಆಲಿವ್ ತೋಟಕ್ಕೆ ಸದ್ಯ ಅವನೇ ಪೋಷಕ. ಅದೊಂದು ಅಧಿಕಾರ ಸಿಕ್ಕಿದ್ದೇ ತಡ, ಈ ವರ್ಷದ ಎಣ್ಣೆಯನ್ನೆಲ್ಲ ಬಂದರಿನ ಗೆಳೆಯನೊಬ್ಬನಿಗೆ ಅರ್ಧ ಬೆಲೆಗೆ ಮಾತಾಡಿಬಿಟ್ಟಿದ್ದ.

“ತೋಟದಲ್ಲಿ ಲಾಭ ಇಲ್ಲ ಅತ್ತಿಗೆ, ನೀವೇ ನೋಡ್ತಿದೀರಲ್ಲ,” ಎಂದ. “ಗುತ್ತಿಗೆಗೆ ಕೊಟ್ಬಿಡ್ತೀನಿ. ನೀವು ಮಗು ಎತ್ಕೊಂಡು ನಮ್ಮನೆಗೆ ಬನ್ನಿ, ನೂಲು ತೆಗೀತಾ ಕೂತ್ಕೊಳ್ಳಿ.”

“ಎಣ್ಣೆ ನಾನೇ ಮಾರ್ತೀನಿ.”

ಕ್ತೇಸೋನ ಹೊಟ್ಟೆ ಹಿಡಿದುಕೊಂಡು ನಕ್ಕ. “ಒಂದು ಮೂಟೆ ಬಾರ್ಲಿ ಬೆಲೆಗಿಂತ ದೊಡ್ಡ ವ್ಯಾಪಾರ ಹೆಂಗಸು ಮಾಡೋ ಹಾಗಿಲ್ಲ. ಕಾನೂನು!”

ಅವನ ಗ್ರಹಚಾರ ನೋಡಿ, ಆ ಮಾತನ್ನು ಅವನೇ ಬಾಯಿಬಿಟ್ಟು ಹೇಳಿದ.

ಗೆಳೆಯನ ಗಾಡಿ ಬರುವ ಮೊದಲೇ ನಿಕಾರೆತೆ ಜಾಡಿಗಳನ್ನೆಲ್ಲ ಕತ್ತೆಗಳ ಮೇಲೆ ಹೇರಿಸಿ ಅಥೆನ್ಸಿನ ಸಂತೆಗೆ ಬಂದಳು. ಮುಸುಕು ಹಿಂದಕ್ಕೆ ಸರಿಸಿ, ಈರುಳ್ಳಿ ಮಾರುವವಳ ಪಕ್ಕ ನೆಲದ ಮೇಲೆ ಕೂತಳು. ಹೆದರಿಕೆ ಇತ್ತು, ಸುಳ್ಳೇಕೆ? ಆದರೆ ಬಿಸಿಲಲ್ಲಿ ನೀರು ಹೊತ್ತು ಉಳಿಸಿಕೊಂಡ ಮರಗಳನ್ನು ಯಾರದೋ ಕೈಗೆ ಕೊಟ್ಟು, ಮೈದುನನ ಮನೆಯ ಮೂಲೆಯಲ್ಲಿ ಕೂರಬೇಕಲ್ಲ ಎಂಬ ಸಿಟ್ಟು ಹೆದರಿಕೆಗಿಂತ ದೊಡ್ಡದಾಗಿತ್ತು. ಸಣ್ಣ ಹೂಜಿಯೊಂದನ್ನು ಹಿಡಿದು ಅಳೆಯತೊಡಗಿದಳು.

“ಒಬ್ಬೊಬ್ಬರಿಗೆ ಒಂದೇ ಹೂಜಿ ತಾಯಿ, ಎರಡು ಕೇಳ್ಬೇಡಿ. ನಾನು ಹೆಂಗಸು, ಬುದ್ಧಿ ಕಮ್ಮಿ, ದೊಡ್ಡ ವ್ಯಾಪಾರ ನನ್ ಕೈಲಾಗಲ್ಲ!”

“ನಮ್ ಬುದ್ಧಿನೂ ಅಷ್ಟೇ ಕಣಮ್ಮ, ಒಂದು ಹೂಜಿ!” ಎಂದು ರೊಟ್ಟಿ ಮಾರುವವಳು ಕೂಗಿದಳು. ನಗು ಎದ್ದಿತು. ಹೆಂಗಸರ ಸಾಲು ನೀರಿನ ಕಟ್ಟೆಯವರೆಗೂ ಬೆಳೆಯಿತು.

ಮಧ್ಯಾಹ್ನದ ಹೊತ್ತಿಗೆ ಕ್ತೇಸೋನ ಸಂತೆಯ ಅಧಿಕಾರಿಯನ್ನು ಎಳೆದುಕೊಂಡು ಬಂದ. “ನೋಡಿ ಸ್ವಾಮಿ, ಇಡೀ ವರ್ಷದ ಎಣ್ಣೆ ಇವಳೇ ಮಾರ್ತಿದಾಳೆ!”

ಅಧಿಕಾರಿ ಹೂಜಿಯನ್ನು ಎತ್ತಿ ನೋಡಿದ. ಅಳತೆ ಸರಿಯಿತ್ತು. “ಯಾರಿಗಾದ್ರೂ ಮೂಟೆ ಬೆಲೆಗಿಂತ ಹೆಚ್ಚು ಮಾರಿದ್ಯೇನಮ್ಮ?”

“ಬೆಳೆ ಕಾಯೋ ಇಬ್ಬರು ದೇವಿಯರಾಣೆ, ಇಲ್ಲ. ಕಾನೂನು ಹೇಳ್ಕೊಟ್ಟೋರೇ ನಮ್ಮ ಮೈದುನೋರು.”

“ಎಣ್ಣೆ ಮಗುವಿಂದು! ನಾನು ಪೋಷಕ!” ಎಂದು ಕ್ತೇಸೋನ ಅರಚಿದ.

“ಮಗುವಿಂದೇ. ಅದಕ್ಕೇ ಪೂರ್ತಿ ಬೆಲೆಗೆ ಮಾರ್ತಿದೀನಿ. ನೀವು ಅರ್ಧಕ್ಕೆ ಯಾಕೆ ಕೊಡೋಕೆ ಹೊರಟಿದ್ರಿ ಅಂತ ನ್ಯಾಯಾಲಯದಲ್ಲಿ ಹೇಳಿ, ನಡೀರಿ, ಈಗ್ಲೇ ಹೋಗೋಣ.”

ಅಧಿಕಾರಿ ಕೆಮ್ಮಿದ. ಮೀನಿನ ಸಾಲಿನಲ್ಲಿ ಏನೋ ಕೆಲಸವಿದೆ ಎಂದು ಅತ್ತ ಹೊರಟೇಬಿಟ್ಟ.

ಕ್ತೇಸೋನನ ಮುಖ ಕೆಂಪಾಯಿತು. ಸಾಲಿನ ಕಡೆ ತಿರುಗಿ ಗುಡುಗಿದ: “ಕೇಳ್ರೇ! ಇನ್ಮೇಲೆ ಇವಳ ಹತ್ರ ಎಣ್ಣೆ ತಗೊಂಡೋಳು ನನ್ನ ಶತ್ರು. ಯಾವಳಿಗೆ ಧೈರ್ಯ ಇದೆಯೋ ಮುಂದೆ ಬರ್ಲಿ!”

ಮುಂದೆ ನಿಂತಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು. ಇನ್ನೂ ಅರ್ಧ ಜಾಡಿಗಳು ಹಾಗೇ ಉಳಿದಿದ್ದವು.

ಆಗ ಮೂಗಿನವರೆಗೆ ಮುಸುಕೆಳೆದುಕೊಂಡಿದ್ದ ಒಬ್ಬಳು ಸಾಲಿನಿಂದ ಹೊರಬಂದು, ಖಾಲಿ ಪಾತ್ರೆಯನ್ನು ನಿಕಾರೆತೆಯ ಮುಂದಿಟ್ಟು, ಮುಸುಕು ತೆಗೆದಳು. ಕ್ತೇಸೋನನ ಹೆಂಡತಿ.

“ನೂಲು ತೆಗೆದು ನಾನೇ ಗಳಿಸಿದ ದುಡ್ಡು ಅಕ್ಕಾ,” ಎಂದಳು, ಗಂಡನತ್ತ ತಿರುಗಿಯೂ ನೋಡದೆ. “ಬಾಯಿವರೆಗೂ ತುಂಬಿ.”